ಮಗುಚಿದರೆ ಏಣಿಯಾಗುವ ಕುರ್ಚಿ: ಕೊಳ್ಳುವಾಗ ಏನು ನೋಡಬೇಕು, ಹೇಗೆ ಜೋಡಿಸಬೇಕು

ಪ್ರಶ್ನೆ: ನಾವು ಡೊಂಬಿವಿಲಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಅಡುಗೆಮನೆಯಲ್ಲಿ ಏಳು ಅಡಿ ಎತ್ತರಕ್ಕೆ ಲಾಫ್ಟ್ (ಸಾಮಾನು ಇಡುವ ಅಟ್ಟ) ಇದೆ. ಏಣಿ ಇಡಲು ಜಾಗ ಇಲ್ಲ, ಪ್ಲಾಸ್ಟಿಕ್ ಸ್ಟೂಲ್ ಮೇಲೆ ಹತ್ತಿ ಸಾಮಾನು ಇಳಿಸುತ್ತೇವೆ. ನಾವಿಬ್ಬರೂ ಕೆಲಸಕ್ಕೆ ಹೋದಾಗ 68 ವರ್ಷದ ಅತ್ತೆಯೂ ಹತ್ತುತ್ತಾರೆ. ಏಣಿಯಾಗಿ ಬದಲಾಗುವ ಮರದ ಕುರ್ಚಿಯನ್ನು ಆನ್‌ಲೈನಿನಲ್ಲಿ ನೋಡಿದೆ. ಬಿಡಿಭಾಗಗಳಾಗಿ ಬರುತ್ತದಂತೆ, ನಾವೇ ಜೋಡಿಸಬೇಕಂತೆ. ಗಟ್ಟಿ ಇರುತ್ತದಾ? ಯಾವ ಮರದ್ದು ತಗೊಳ್ಳಲಿ? ಮಿಸ್ತ್ರಿ ಕೈಲಿ ಮಾಡಿಸುವುದು ವಾಸಿಯಾ? ಮಳೆಗಾಲದಲ್ಲಿ ಗ್ಯಾಲರಿಯಲ್ಲಿ (ಬಾಲ್ಕನಿಯಲ್ಲಿ) ಇಡಬಹುದಾ?

ಉತ್ತರ: ತಗೊಳ್ಳಬಹುದು. ನಿಮ್ಮಂಥ ಮನೆಗೆ ಹೊಂದುವ ಸಾಮಾನೇ ಅದು. ಆದರೆ ನೋಡುವಾಗ ಅದನ್ನು ಕುರ್ಚಿ ಅಂತ ನೋಡಬೇಡಿ, ಏಣಿ ಅಂತ ನೋಡಿ. ಮಾರುವವರು ಫೋಟೋ ತೆಗೆಯುವುದು ಕುರ್ಚಿಯಾಗಿಯೇ. ಪಕ್ಕದಲ್ಲೊಂದು ಹೂವಿನ ಕುಂಡ, ಸೀಟಿನ ಮೇಲೆ ನಾಲ್ಕು ಪುಸ್ತಕ. ಏಣಿಯಾಗಿ ನಿಂತ ಫೋಟೋ ಕೊನೆಯಲ್ಲೆಲ್ಲೋ ಒಂದಿರುತ್ತದೆ. ಕುರ್ಚಿ ಸ್ವಲ್ಪ ಅಲುಗಾಡಿದರೆ ಕಿರಿಕಿರಿ ಅಷ್ಟೆ, ಕಾಲ ಕೆಳಗೆ ಕಾಗದ ಮಡಚಿ ಇಟ್ಟು ಸುಮ್ನೆ ಇರುತ್ತೇವೆ. ಏಣಿ ಅಲುಗಾಡಿದರೆ ಸೊಂಟ ಮುರಿಯುತ್ತದೆ. ಆದ್ದರಿಂದ ಏಣಿಯಾಗಿ ಪಾಸಾದ ಮೇಲೆ ಕುರ್ಚಿಯಾಗಿ ಚೆಂದ ಇದೆಯಾ ಅಂತ ನೋಡಿದರೆ ಸಾಕು.

ಮೊದಲು ನೀವು ನೋಡಿದ್ದು ಯಾವ ಜಾತಿ ಅಂತ ಗೊತ್ತಾಗಬೇಕು. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರುತ್ತಾರೆ. ಒಂದರಲ್ಲಿ ಕುರ್ಚಿ ಕುರ್ಚಿಯಾಗಿಯೇ ಇರುತ್ತದೆ. ಸೀಟಿನ ಕೆಳಗೆ ಅಡಗಿರುವ ಒಂದೆರಡು ಮೆಟ್ಟಿಲು ಮುಂದಕ್ಕೆ ತಿರುಗಿ ನೆಲಕ್ಕೆ ಕೂರುತ್ತವೆ. ಇದರಲ್ಲಿ ಕೊನೆಯ ಮೆಟ್ಟಿಲು ಅಂದರೆ ಸೀಟೇ. ಸೀಟು ಮಾಮೂಲಿ 44–45 ಸೆಂ.ಮೀ. ಎತ್ತರ. ನಿಮ್ಮ ಪ್ಲಾಸ್ಟಿಕ್ ಸ್ಟೂಲಿಗಿಂತ ಎತ್ತರ ಏನೂ ಸಿಗಲಿಲ್ಲ, ಹತ್ತುವುದು ಸುಲಭವಾಯಿತು ಅಷ್ಟೆ. ಅಡುಗೆಮನೆ ಶೆಲ್ಫಿಗೆ ಸಾಕು, ಲಾಫ್ಟಿಗೆ ಸಾಲದು.

ಇನ್ನೊಂದು ಜಾತಿಯೇ ನಿಮಗೆ ಬೇಕಾದ್ದು. ಇದರಲ್ಲಿ ಕುರ್ಚಿ ಎರಡು ಹೋಳು. ಸೀಟಿನ ಮುಂದಿನ ಅಂಚಿನಲ್ಲಿ ಬಾಗಿಲಿಗೆ ಹಾಕುವಂಥ ಕಬ್ಜಾ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಬೆನ್ನಿನ ಕಡೆಯ ಹೋಳನ್ನು ಎತ್ತಿ ಮುಂದಕ್ಕೆ ಮಗುಚಿದರೆ ಒರಗುವ ಬೆನ್ನು ತಲೆಕೆಳಗಾಗಿ ನೆಲಕ್ಕೆ ಬರುತ್ತದೆ. ನೆಲದಲ್ಲಿದ್ದ ಹಿಂದಿನ ಕಾಲು ಮೇಲಕ್ಕೆ ಹೋಗುತ್ತದೆ. ಎರಡೂ ಹೋಳಿನಲ್ಲಿ ಅಡಗಿದ್ದ ಹಲಗೆಗಳು ಒಂದರ ಮೇಲೊಂದು ಮೆಟ್ಟಿಲಾಗಿ ನಿಲ್ಲುತ್ತವೆ. ಹತ್ತುವುದು ಕುರ್ಚಿಯ ಹಿಂಭಾಗ ಇದ್ದ ಕಡೆಯಿಂದ. 22, 44, 66, 88 ಸೆಂ.ಮೀ. ಹೀಗೆ ನಾಲ್ಕು ಮೆಟ್ಟಿಲು ಸಿಗುತ್ತದೆ ಅಂದುಕೊಳ್ಳಿ.

ಈ ಮಗುಚುವ ಲೆಕ್ಕದಲ್ಲೇ ಒಂದು ಅಳತೆಯ ಗುಟ್ಟು ಇದೆ. ಕಬ್ಜಾ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಬೆನ್ನಿನ ತುದಿ ಸರಿಯಾಗಿ ಅದರ ಎರಡರಷ್ಟು ಎತ್ತರದಲ್ಲಿರಬೇಕು. ಕಬ್ಜಾ 44ರಲ್ಲಿದ್ದರೆ ಬೆನ್ನು 88. ಬೆನ್ನು 87 ಇದ್ದರೆ ಏಣಿಯಾದಾಗ ಆ ಕಡೆ ಒಂದು ಸೆಂಟಿಮೀಟರ್ ಗಾಳಿಯಲ್ಲಿ ನಿಲ್ಲುತ್ತದೆ. 89 ಇದ್ದರೆ ಹೋಳು ಪೂರ್ತಿ ಮಗುಚುವ ಮೊದಲೇ ಬೆನ್ನು ನೆಲಕ್ಕೆ ತಾಗಿ ಮೆಟ್ಟಿಲು ವಾಲುತ್ತದೆ. ಅಂಗಡಿಗೆ ಹೋದರೆ ಟೇಪ್ ತಗೊಂಡು ಹೋಗಿ. ಮೊದಲು ಈ ಎರಡು ಅಳತೆ ನೋಡಿ, ಆಮೇಲೆ ಬೆಲೆ ಕೇಳಿ. ಆನ್‌ಲೈನಿನಲ್ಲಾದರೆ ಸೀಟಿನ ಎತ್ತರ, ಒಟ್ಟು ಎತ್ತರ ಎರಡೂ ಬರೆದಿರುತ್ತಾರೆ. ಅದರಿಂದ ಅಂದಾಜು ಸಿಗುತ್ತದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ. ನೆಲ ಗೀರಬಾರದು ಅಂತ ಕುರ್ಚಿ ಕಾಲಿಗೆ ನಾವು ಫೆಲ್ಟ್ ಅಂಟಿಸುತ್ತೇವೆ ಅಲ್ವಾ? ನಾಲ್ಕೂ ಕಾಲಿಗೆ 3 ಮಿ.ಮೀ. ಫೆಲ್ಟ್ ಹಾಕಿದರೆ ಕುರ್ಚಿಗೆ ಏನೂ ಆಗುವುದಿಲ್ಲ. ಏಣಿ ಮಾಡಿದಾಗ ಮಾತ್ರ ಕೆಳಗಿನ ಹೋಳು 3 ಮಿ.ಮೀ. ಎತ್ತರವಾಗಿರುತ್ತದೆ, ಮಗುಚಿದ ಬೆನ್ನಿನ ತುದಿಗೆ ಫೆಲ್ಟ್ ಇಲ್ಲ. ಅಷ್ಟೇ ಸಾಕು, ಕಟಕಟ ಅಲ್ಲಾಡಲು. ಬೆನ್ನಿನ ತುದಿಗೂ ಅದೇ ದಪ್ಪದ ತುಂಡು ಅಂಟಿಸಿ. ಫೆಲ್ಟ್ ಬದಲು ರಬ್ಬರ್ ತುಂಡಾದರೆ ಇನ್ನೂ ಒಳ್ಳೆಯದು. ಟೈಲ್ಸ್ ಮೇಲೆ ಫೆಲ್ಟ್ ಜಾರುತ್ತದೆ. ಕುರ್ಚಿಗೆ ಜಾರುವುದು ಅನುಕೂಲ, ಏಣಿಗೆ ಅಲ್ಲ.

ಅಂದಹಾಗೆ, ಇದು ಈಗಿನವರ ಐಡಿಯಾ ಅಲ್ಲ. ಹದಿನೆಂಟನೇ ಶತಮಾನದ ಅಮೆರಿಕದ ರಾಜಕಾರಣಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಬಳಿ ಸೀಟು ಮಗುಚಿದರೆ ಮೆಟ್ಟಿಲಾಗುವ ಕುರ್ಚಿ ಇತ್ತು. ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿ ಅದನ್ನು ಇಟ್ಟುಕೊಂಡಿದೆ. ಲಂಡನ್ನಿನ ಮೋರ್ಗನ್ ಅಂಡ್ ಸ್ಯಾಂಡರ್ಸ್ ಎಂಬ ಅಂಗಡಿಯವರು ಇಂಥ ಕುರ್ಚಿಗೆ ಹೆಸರಾಗಿದ್ದರು. 1811ರಲ್ಲಿ ಅದರ ಚಿತ್ರ ಅಲ್ಲಿನ ಪತ್ರಿಕೆಯಲ್ಲೂ ಬಂದಿತ್ತು. ಇವೆಲ್ಲ ದೊಡ್ಡ ಮನೆಯ ಲೈಬ್ರರಿಗೆ ಮಾಡಿದ್ದು. ಹತ್ತಿ ಒಂದು ಪುಸ್ತಕ ತೆಗೆದು ಇಳಿಯುವುದು, ಅಷ್ಟೇ ಕೆಲಸ. ನಮ್ಮ ಕಡೆ ಆಗುವುದು ಬೇರೆ. ಲಾಫ್ಟಿನಿಂದ ಇಳಿಯುವುದು ಹಿತ್ತಾಳೆ ಪಾತ್ರೆ, ಗಣಪತಿ ಹಬ್ಬದ ಮಂಟಪ, ಊರಿಂದ ಬಂದ ಕುಚ್ಚಲಕ್ಕಿ ಚೀಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಭಾರದ ಲೆಕ್ಕ ಹಾಕಿ.

‘100 ಕೆಜಿ ತಾಳುತ್ತದೆ’ ಅಂತ ಬರೆದಿರುತ್ತಾರೆ. ಕೂತರೆ 100 ಕೆಜಿಯೋ, ಏಣಿಯಾಗಿ ಹತ್ತಿ ನಿಂತರೆ 100 ಕೆಜಿಯೋ? ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ನಮ್ಮಲ್ಲಿ ಕುರ್ಚಿ, ಸ್ಟೂಲಿಗೆ ಐಎಸ್ 17632 ಎಂಬ ಮಾನದಂಡ ಇದೆ. ಕುರ್ಚಿಯಾಗಿ ಗಟ್ಟಿ ಅಂದ ಮಾತ್ರಕ್ಕೆ ಮೆಟ್ಟಿಲಾಗಿಯೂ ಗಟ್ಟಿ ಅಂತ ಅರ್ಥ ಅಲ್ಲ. ಯುರೋಪಿನಲ್ಲಿ ಒಂದು ಮೀಟರ್ ಒಳಗಿನ ಮೆಟ್ಟಿಲು ಸ್ಟೂಲಿಗೆ ಇಎನ್ 14183 ಅಂತ ಬೇರೆಯೇ ಮಾನದಂಡ ಇದೆ, ಅದರಲ್ಲಿ 150 ಕೆಜಿ ಲೆಕ್ಕ. ನಾನೂ 150 ಅನ್ನುವುದನ್ನೇ ಅಳತೆಗೋಲು ಮಾಡಿಕೊಳ್ಳಿ ಅಂತ ಹೇಳುತ್ತೇನೆ. 75 ಕೆಜಿ ಮನುಷ್ಯ, ಕೈಯಲ್ಲಿ 10 ಕೆಜಿ ಡಬ್ಬ, ಇಳಿಯುವಾಗ ಕಾಲು ದಡ್ಡ ಅಂತ ಬಿತ್ತು ಅಂದರೆ ಮರದ ಮೇಲೆ ಬೀಳುವ ಪೆಟ್ಟು ತೂಕಕ್ಕಿಂತ ಎಷ್ಟೋ ಜಾಸ್ತಿ.

ಎತ್ತರ ಸಾಕಾಗುತ್ತದಾ? ಏಳು ಅಡಿ ಅಂದರೆ 213 ಸೆಂ.ಮೀ. ಐದಡಿ ಒಂದಿಂಚಿನ ಹೆಂಗಸು ಮೂರನೇ ಮೆಟ್ಟಿಲ ಮೇಲೆ, ಅಂದರೆ 66 ಸೆಂ.ಮೀ. ಮೇಲೆ ನಿಂತರೆ ಕಣ್ಣು ಹೆಚ್ಚುಕಡಿಮೆ ಲಾಫ್ಟಿನ ಅಂಚಿಗೆ ಬರುತ್ತದೆ. ಕೈ ಒಳಗೆ ಆರಾಮಾಗಿ ಹೋಗುತ್ತದೆ. ಅಷ್ಟು ಸಾಕು. ನಾಲ್ಕನೆಯದರ ಮೇಲೆ ನಿಂತರೆ ಲಾಫ್ಟ್ ಪೂರ್ತಿ ಕಾಣುತ್ತದೆ ನಿಜ, ಆದರೆ ಹಿಡಿಯಲು ಏನೂ ಇರುವುದಿಲ್ಲ. ಈ ಜಾತಿಯ ಏಣಿಗೆ ಹಿಡಿಕೆ ಇಲ್ಲ. ಮೂರನೆಯದರ ಮೇಲೆ ನಿಂತಾಗ ನಾಲ್ಕನೆಯ ಹಲಗೆ ಮೊಣಕಾಲಿನಿಂದ ಕೆಳಗೆ ಕಾಲಿಗೆ ಒತ್ತಿ ನಿಲ್ಲುತ್ತದೆ, ಒಂದು ಕೈ ಲಾಫ್ಟಿನ ಅಂಚು ಹಿಡಿದಿರುತ್ತದೆ. ಅದೇ ನಿಮ್ಮ ಆಧಾರ. ಆದ್ದರಿಂದ ಕೊನೆಯ ಮೆಟ್ಟಿಲು ಇಲ್ಲ ಅಂತಲೇ ತಿಳಿಯಿರಿ.

ಈಗ ಮರ. ಜಾಹೀರಾತಿನಲ್ಲಿ ‘ಶೀಶಂ ಫಿನಿಶ್’, ‘ಟೀಕ್ ಫಿನಿಶ್’ ಅಂತ ಇದ್ದರೆ ಅದು ಬಣ್ಣದ ಹೆಸರು, ಮರದ ಹೆಸರಲ್ಲ. ‘ಮೆಟೀರಿಯಲ್’ ಅಂತ ಇರುವ ಸಾಲು ನೋಡಿ. ಅಲ್ಲಿ ‘ಇಂಜಿನಿಯರ್ಡ್ ವುಡ್’ ಅಂತ ಇದ್ದರೆ ಬಿಟ್ಟುಬಿಡಿ. ಸಾಮಾನ್ಯವಾಗಿ ಅದು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ನಾರು, ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಕಪಾಟಿಗೆ ಸರಿ. ಕಬ್ಜಾದ ಸ್ಕ್ರೂ ಅದರಲ್ಲಿ ಹಿಡಿಯುವುದಿಲ್ಲ, ನಾಲ್ಕು ಸಲ ಮಗುಚಿದರೆ ತೂತು ದೊಡ್ಡದಾಗುತ್ತದೆ.

ಉಳಿದಂತೆ ರಬ್ಬರ್ ಮರ, ಮಾವು, ಅಕೇಶಿಯಾ, ಶೀಶಂ, ತೇಗ ಸಿಗುತ್ತವೆ. ಶೀಶಂ, ಮಾವು, ಅಕೇಶಿಯಾದ್ದು ಹೆಚ್ಚಾಗಿ ಜೋಧಪುರದ ಕಡೆಯಿಂದ ಬರುತ್ತದೆ. ಶೀಶಂ ಬಹಳ ಗಟ್ಟಿ, ಆದರೆ ಭಾರ. ದಿನಾ ಎತ್ತಿ ಮಗುಚುವ ಸಾಮಾನಿಗೆ ಭಾರವೂ ಒಂದು ದೋಷವೇ. ಮಾವು ಅಗ್ಗ, ಸರಿಯಾಗಿ ಒಣಗಿಸಿರದಿದ್ದರೆ ಹುಳ ಬೀಳುತ್ತದೆ. ರಬ್ಬರ್ ಮರ ಹಾಲು ಬತ್ತಿದ ಮೇಲೆ ಕಡಿದದ್ದು, ಬಿಳಿಚು ಬಣ್ಣ, ಕೆಲಸಕ್ಕೆ ಚೆನ್ನಾಗಿ ಬಗ್ಗುತ್ತದೆ. ಅದಕ್ಕೆ ಬೋರಾನ್ ಉಪ್ಪಿನ ಟ್ರೀಟ್‌ಮೆಂಟ್ ಕೊಟ್ಟಿರಲೇಬೇಕು, ಇಲ್ಲದಿದ್ದರೆ ಬೂಷ್ಟು, ಹುಳ ಎರಡೂ ಬರುತ್ತವೆ. ರಬ್ಬರ್ ಮರದ ಹಲಗೆಯಲ್ಲಿ ಗರಗಸದ ಹಲ್ಲಿನಂತೆ ಕೂಡಿಸಿದ ಗೆರೆ ಕಾಣುತ್ತದೆ. ಸಣ್ಣ ತುಂಡುಗಳನ್ನು ಅಂಟಿಸಿ ಉದ್ದ ಮಾಡಿದ್ದು. ಸೀಟಿನಲ್ಲಿ ಇದ್ದರೆ ಅಡ್ಡಿಯಿಲ್ಲ. ಕಾಲಿನಲ್ಲಿ, ಮೆಟ್ಟಿಲಿನಲ್ಲಿ ಇದ್ದರೆ ಬೇಡ.

ತೇಗ ನನ್ನ ಮೊದಲ ಆಯ್ಕೆ. ನಮ್ಮ ದಾಂಡೇಲಿ ತೇಗ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಸಿ.ಪಿ. (ಹಳೆಯ ಸೆಂಟ್ರಲ್ ಪ್ರಾವಿನ್ಸಸ್, ಈಗಿನ ಮಧ್ಯಪ್ರದೇಶದ ಕಡೆಯದು) ಅಂತ, ಬಲ್ಲಾರ್ಷಾ (ಮಹಾರಾಷ್ಟ್ರದ ಚಂದ್ರಪುರದ ಕಡೆಯದು) ಅಂತ ಕೇಳಿ ತಗೊಳ್ಳುತ್ತಾರೆ, ಹೊರದೇಶದ ತೋಟದ ತೇಗವೂ ಬರುತ್ತದೆ, ಅದು ಅಗ್ಗ. ತೇಗದಲ್ಲಿ ಎಣ್ಣೆಯ ಅಂಶ ಇದೆ. ನೀರಿನ ಪಸೆಗೆ ಬೇರೆ ಮರದಷ್ಟು ಉಬ್ಬುವುದಿಲ್ಲ, ಗೆದ್ದಲೂ ಬೇಗ ಮುಟ್ಟುವುದಿಲ್ಲ. ಆದರೆ ತಿರುಳಿನದ್ದೇ ಆಗಬೇಕು. ಬಿಳಿ ಅಂಚು ಇರುವ ತುಂಡಿಗೆ ಈ ಗುಣ ಇಲ್ಲ. ಪಾಲಿಶ್ ಹಾಕಿದ ಮೇಲೆ ಬಿಳಿ ಅಂಚು ಕಾಣುವುದಿಲ್ಲ, ಅದೇ ತೊಂದರೆ.

ಯಾವ ಮರವಾದರೂ ನಾರು ಹೋಗುವ ದಿಕ್ಕು ನೋಡಿ. ಮೆಟ್ಟಿಲಿನ ಹಲಗೆಯಲ್ಲಿ ನಾರು ಎಡದಿಂದ ಬಲಕ್ಕೆ, ಅಂದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗಬೇಕು. ಕಾಲಿನಲ್ಲಿ ಮೇಲಿಂದ ಕೆಳಕ್ಕೆ. ಬಾಗಿದ ಕಾಲು ನೋಡಲು ಚೆಂದ. ಆದರೆ ನೇರ ಹಲಗೆಯಿಂದ ಬಾಗಿದ ಆಕಾರ ಕೊಯ್ದರೆ ಬಾಗಿದ ಜಾಗದಲ್ಲಿ ನಾರು ಅಡ್ಡಡ್ಡ ತುಂಡಾಗಿರುತ್ತದೆ. ಮುರಿದರೆ ಅಲ್ಲೇ ಮುರಿಯುವುದು. ಈ ಕುರ್ಚಿಗೆ ನೇರ ಕಾಲೇ ಇರಲಿ. ಮೆಟ್ಟಿಲಿನ ನಡುವೆ ದೊಡ್ಡ ಗಂಟು ಇದ್ದರೆ ಆ ಕುರ್ಚಿ ಬೇಡ.

ಹಲಗೆ ಕನಿಷ್ಠ 18–20 ಮಿ.ಮೀ. ದಪ್ಪ, ಪಾದ ಇಡುವ ಅಗಲ 10–12 ಸೆಂ.ಮೀ. ಇರಲಿ. ಅದಕ್ಕಿಂತ ಮುಖ್ಯ, ಹಲಗೆ ಎಲ್ಲಿ ಕೂತಿದೆ ಅನ್ನುವುದು. ಬಗ್ಗಿ ಕೆಳಗಿನಿಂದ ನೋಡಿ. ಪಕ್ಕದ ಮರದಲ್ಲಿ ತೋಡು ಕೊರೆದು ಹಲಗೆಯನ್ನು ಅದರೊಳಗೆ ಕೂರಿಸಿರಬೇಕು, ಅಥವಾ ಹಲಗೆ ಕೆಳಗೆ ಮರದ ಪಟ್ಟಿ ಕೊಟ್ಟಿರಬೇಕು. ಎರಡೂ ಇಲ್ಲದೆ ಹೊರಗಿಂದ ಎರಡೆರಡು ಸ್ಕ್ರೂ ಹೊಡೆದಿದ್ದರೆ ನಿಮ್ಮ ಪೂರ್ತಿ ಭಾರ ಆ ಸ್ಕ್ರೂಗಳ ಮೇಲೆಯೇ. ಮಗುಚುವ ಹೋಳಿನಲ್ಲಿ ಇನ್ನೊಂದು ಚಮತ್ಕಾರ ಇದೆ. ಕುರ್ಚಿಯಾಗಿದ್ದಾಗ ಹಲಗೆಯ ಮೇಲ್ಭಾಗ ಅನ್ನಿಸುವುದು ಏಣಿಯಾದಾಗ ಕೆಳಭಾಗ. ಹಾಗಾಗಿ ಆ ಹೋಳಿನ ಆಧಾರಪಟ್ಟಿ ಕುರ್ಚಿಯಲ್ಲಿ ಹಲಗೆಯ ಮೇಲೆ ಕಾಣಬೇಕು. ತಲೆಕೆಳಗಾಗಿ ಹಾಕಿದ್ದಾರೆ ಅಂತ ಅನ್ನಿಸುತ್ತದೆ, ಅದೇ ಸರಿ.

ಕಬ್ಜಾ ಮೂರಿಂಚಿನದು ಎರಡು ಇರಬೇಕು, ಅಥವಾ ಸೀಟಿನ ಅಗಲಕ್ಕೂ ಹೋಗುವ ಉದ್ದನೆಯ ಪಿಯಾನೋ ಕಬ್ಜಾ. ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಕಡಲ ತೇವಕ್ಕೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಬಿಡುತ್ತದೆ. ಕೆಳಗಿನ ಹೋಳಿಗೆ ತನ್ನದೇ ನಾಲ್ಕು ಕಡೆ ಆಧಾರ ಇದೆಯಾ ಅಂತಲೂ ನೋಡಿ. ಪರೀಕ್ಷೆ ಸುಲಭ. ಏಣಿ ಮಾಡಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಹೊರ ಅಂಚನ್ನು ಕಾಲಿನಿಂದ ಜೋರಾಗಿ ಒತ್ತಿ. ಆಚೆ ಕಡೆಯ ಬೆನ್ನಿನ ತುದಿ ನೆಲ ಬಿಟ್ಟು ಎದ್ದರೆ ಅದನ್ನು ಮನೆಗೆ ತರಬೇಡಿ. ಮೊದಲ ಮೆಟ್ಟಿಲಲ್ಲೇ ಪಲ್ಟಿ ಹೊಡೆಯುವ ಏಣಿ ಅದು.

ಆನ್‌ಲೈನ್ ಅಥವಾ ಅಂಗಡಿ? ನಿಮಗೆ ಉಲ್ಲಾಸನಗರ ಹತ್ತಿರ. ಅಲ್ಲಿ ಫರ್ನಿಚರ್ ಬಜಾರೇ ಇದೆ. ಪಶ್ಚಿಮ ಉಪನಗರದವರಿಗೆ ಜೋಗೇಶ್ವರಿಯ ಓಶಿವರಾ. ಎರಡೂ ಕಡೆ ಇಂಥ ಕುರ್ಚಿ ರೆಡಿ ಇಲ್ಲದಿದ್ದರೂ ಫೋಟೋ ತೋರಿಸಿದರೆ ಮಾಡಿಕೊಡುವವರು ಸಿಗುತ್ತಾರೆ. ಆದರೆ ಫೋಟೋ ನೋಡಿ ಮಾಡಿದ್ದರಲ್ಲಿ ಎರಡರಷ್ಟು ಎತ್ತರದ ಲೆಕ್ಕ ತಪ್ಪುವುದೇ ಹೆಚ್ಚು. ಅಳತೆಯ ಚಿತ್ರ ನೀವೇ ಕೊಡಿ. ಹೊಸದಾಗಿ ಮಾಡಿಸಿದರೆ ಒಂದು ಕುರ್ಚಿಗೆ ಸುಮಾರು ಅರ್ಧ ಘನ ಅಡಿ ಮರ ಬೇಕು, ಕೊಯ್ದು ಹೋಗುವುದು ಸೇರಿ ಮುಕ್ಕಾಲು ಅಂತ ಇಟ್ಟುಕೊಳ್ಳಿ. ಯಾರಾದರೂ ಎರಡು ಘನ ಅಡಿ ಅಂದರೆ ನಗುತ್ತಾ ಎದ್ದು ಬನ್ನಿ. ತೇಗದಲ್ಲಿ ಮಾಡಿದ ಕುರ್ಚಿ ಒಂಬತ್ತು ಕೆಜಿ ಆಸುಪಾಸು ತೂಗುತ್ತದೆ. ಐದಾರು ಕೆಜಿ ಅಂತ ಬರೆದಿದ್ದರೆ ಎಲ್ಲೋ ದಪ್ಪ ಕಡಿಮೆ ಮಾಡಿದ್ದಾರೆ.

ಮಿಸ್ತ್ರಿ ಒಳ್ಳೆಯವನಾದರೆ ಮಾಡಿಸುವುದೇ ವಾಸಿ. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸುವ ಚೂಲ್ ಜೋಡಣೆ ಬರುತ್ತದಾ ಅಂತ ಕೇಳಿ. ಈಗ ಪ್ಲೈವುಡ್, ಸನ್‌ಮೈಕಾ ಕೆಲಸ ಮಾತ್ರ ಮಾಡುವವರೇ ಜಾಸ್ತಿ. ಅವರ ಕೈಚಳಕ ಬೇರೆ, ಈ ಕೆಲಸ ಬೇರೆ. ಆದರೆ ನೀವು ಬಾಡಿಗೆಯವರು. ಹನ್ನೊಂದು ತಿಂಗಳ ಎಗ್ರಿಮೆಂಟ್ ಮುಗಿದ ಮೇಲೆ ಎಲ್ಲಿಗೋ ಗೊತ್ತಿಲ್ಲ. ಬೋಲ್ಟ್ ಬಿಚ್ಚಿ ಚಪ್ಪಟೆ ಮಾಡಿ ಒಯ್ಯುವ ಅನುಕೂಲ ಬಿಡಿಭಾಗದ ಕುರ್ಚಿಗಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಗಟ್ಟಿ ಮರದ, ಬೋಲ್ಟ್ ಹಾಕುವಂಥದ್ದನ್ನೇ ತಗೊಳ್ಳುತ್ತೇನೆ.

ಪಾರ್ಸೆಲ್ ಬಂದಾಗ ಪೆಟ್ಟಿಗೆ ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಸೀಳು ಬಿಟ್ಟ ಕಾಲು ಬಂದರೆ ಅದೇ ಸಾಕ್ಷಿ. ಮಾರಿದವರು ಕೈಯೆತ್ತಿದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಜೋಡಿಸುವುದಕ್ಕೆ ಬರೋಣ. ಪೆಟ್ಟಿಗೆ ಬಂದ ದಿನವೇ ಶುರು ಮಾಡಬೇಡಿ. ಭಾಗಗಳನ್ನು ಬಿಚ್ಚಿ ಒಂದೆರಡು ದಿನ ಮನೆಯೊಳಗೆ ಹರವಿಡಿ. ರಾಜಸ್ಥಾನದ ಒಣ ಹವೆಯಲ್ಲಿ ಕೊಯ್ದ ಮರ ನಮ್ಮ ತೇವಕ್ಕೆ ಸ್ವಲ್ಪ ಉಬ್ಬುತ್ತದೆ. ಉಬ್ಬುವುದು ಜೋಡಿಸುವ ಮೊದಲೇ ಆಗಲಿ. ಅಷ್ಟರಲ್ಲಿ ಕಾಗದದಲ್ಲಿರುವ ಪಟ್ಟಿಯ ಪ್ರಕಾರ ಬೋಲ್ಟ್, ವಾಷರ್, ಗೂಟ ಎಲ್ಲ ಎಣಿಸಿ. ಎಡಕಾಲು, ಬಲಕಾಲು ಜೋಡಿ ಮಾಡಿ ಪಕ್ಕಪಕ್ಕ ಇಟ್ಟು ತೂತುಗಳು ಎದುರುಬದುರಾಗಿವೆಯಾ ನೋಡಿ. ಎರಡೂ ಎಡಗಾಲೇ ಬಂದ ಕಥೆ ಹೊಸದಲ್ಲ.

ಪೆಟ್ಟಿಗೆಯಲ್ಲಿ ಒಂದು ಸಣ್ಣ ಅಲೆನ್ ಕೀ (ಬೋಲ್ಟ್ ತಿರುಗಿಸುವ, ಆರು ಮೂಲೆಯ ಬಾಗಿದ ಕಡ್ಡಿ) ಕೊಟ್ಟಿರುತ್ತಾರೆ. ಅದು ಕೈ ನೋಯಿಸುತ್ತದೆ. ಉದ್ದ ಹಿಡಿಯದ್ದು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ರಬ್ಬರ್ ಸುತ್ತಿಗೆ, ಮೂಲೆ ನೇರ ಇದೆಯಾ ನೋಡುವ ಒಂದು ಗುಣ್ಯಾ (ಮೂಲೆಮಟ್ಟ) ಇದ್ದರೆ ಬೇರೇನೂ ಬೇಡ. ಡ್ರಿಲ್ ಹಾಕುವುದಿದ್ದರೆ ಸೊಸೈಟಿಯವರ ಮಧ್ಯಾಹ್ನದ ನಿದ್ದೆ ಹೊತ್ತು ಬಿಟ್ಟು ಹಾಕಿ.

ಮೊದಲು ಒಂದು ಬದಿಯ ಕಾಲನ್ನು ನೆಲದ ಮೇಲೆ ಮಲಗಿಸಿ. ಅದಕ್ಕೆ ಅಡ್ಡಪಟ್ಟಿ, ಮೆಟ್ಟಿಲು ಹಲಗೆ ಎಲ್ಲ ನಿಲ್ಲಿಸಿ, ಮೇಲಿಂದ ಇನ್ನೊಂದು ಬದಿ ಕೂರಿಸಿ. ಬೋಲ್ಟುಗಳನ್ನು ಬೆರಳಲ್ಲಿ ತಿರುಗುವಷ್ಟೇ ತಿರುಗಿಸಿ, ಒಂದನ್ನೂ ಬಿಗಿ ಮಾಡಬೇಡಿ. ಎಲ್ಲರೂ ಎಡವುವುದು ಇಲ್ಲೇ. ಮೊದಲ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ಕೊನೆಯದು ತೂತಿಗೆ ಬರುವುದಿಲ್ಲ. ಆಗ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ, ಮರ ಒಳಗೇ ಸೀಳುತ್ತದೆ. ಎಲ್ಲ ಬೋಲ್ಟ್ ಬಂದ ಮೇಲೆ ಹೋಳನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಜಾಗವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಎದುರುಬದುರು ಮೂಲೆಯ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಸಿ. ಇನ್ನೊಬ್ಬರು ಬೇಕಾಗುತ್ತದೆ, ಒಬ್ಬರೇ ಮಾಡಬೇಡಿ.

ಅಲುಗಾಡಿದರೆ ಕಾಲು ಕೊಯ್ಯಲು ಹೋಗಬೇಡಿ. ಮನೆಯ ನೆಲವೂ ಸಮ ಇರುವುದಿಲ್ಲ. ಕುರ್ಚಿಯನ್ನು ನಾಲ್ಕು ಕಡೆ ಇಟ್ಟು ನೋಡಿ. ಜಾಗ ಬದಲಾದಂತೆ ಎದ್ದು ನಿಲ್ಲುವ ಕಾಲೂ ಬದಲಾದರೆ ತಪ್ಪು ನೆಲದ್ದು. ಎಲ್ಲಿಟ್ಟರೂ ಅದೇ ಕಾಲು ಎದ್ದರೆ ಕಟ್ಟು ತಿರುಚಿಕೊಂಡಿದೆ ಅಂತ ಅರ್ಥ. ಬೋಲ್ಟ್ ಸಡಿಲಿಸಿ, ಒತ್ತಿ ಹಿಡಿದು ಮತ್ತೆ ಬಿಗಿಸಿದರೆ ಬಹುತೇಕ ಸರಿಹೋಗುತ್ತದೆ.

ಮೆಟ್ಟಿಲು ಹಲಗೆ ತೋಡಿಗೆ ಕೂರುವಲ್ಲಿ ಫೆವಿಕಾಲ್ ಹಚ್ಚಬಹುದು. ನೀರು ತಾಳುವ ಮರೈನ್ ತಗೊಳ್ಳಿ. ಆದರೆ ಹಲಗೆಯ ಎರಡೂ ತುದಿಗೆ ಹಚ್ಚಿದರೆ ಆ ಹೋಳು ಮುಂದೆ ಬಿಚ್ಚಲು ಬರುವುದಿಲ್ಲ. ಬಾಡಿಗೆ ಮನೆಯವರು ಅಂಟು ಇಲ್ಲದೆ ಬೋಲ್ಟಿನಲ್ಲೇ ಬಿಡುವುದು ಮೇಲು, ವರ್ಷಕ್ಕೆರಡು ಸಲ ಬಿಗಿಸಿಕೊಂಡರಾಯಿತು.

ಕಬ್ಜಾ ಕೊನೆಗೆ. ಎರಡೂ ಹೋಳು ಪಕ್ಕಾ ಆದ ಮೇಲೆ ಕುರ್ಚಿಯಾಗಿ ಕೂಡಿಸಿ ಇಟ್ಟು, ನಡುವೆ ಸ್ವಲ್ಪ ಸಂದು ಬಿಟ್ಟು ಕಬ್ಜಾದ ಗುರುತು ಹಾಕಿ. ತೂತು ಕೊರೆದು ಕೊಟ್ಟಿರದಿದ್ದರೆ 8 ನಂಬರ್ ಸ್ಕ್ರೂಗೆ 3 ಮಿ.ಮೀ. ತೂತು ಕೊರೆಯಿರಿ. ಸ್ಕ್ರೂವಿನ ಸುರುಳಿಗೆರೆಗೆ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಸೋಪು ಬೇಡ, ಅದು ತೇವ ಎಳೆಯುತ್ತದೆ. ಹಿತ್ತಾಳೆ ಸ್ಕ್ರೂ ಆದರೆ ಅದೇ ಅಳತೆಯ ಸ್ಟೀಲ್ ಸ್ಕ್ರೂವನ್ನು ಒಮ್ಮೆ ಹಾಕಿ ತೆಗೆದು ಆಮೇಲೆ ಇದನ್ನು ಹಾಕಿ, ಇಲ್ಲದಿದ್ದರೆ ತಲೆ ತುಂಡಾಗಿ ಕೈಗೆ ಬರುತ್ತದೆ. ಪ್ರತಿ ಕಬ್ಜಾಕ್ಕೆ ಮೊದಲು ಒಂದೊಂದೇ ಸ್ಕ್ರೂ ಹಾಕಿ, ಮಗುಚಿ ನೋಡಿ, ಬೆನ್ನಿನ ತುದಿ ಎರಡೂ ಮೂಲೆಯಲ್ಲಿ ನೆಲಕ್ಕೆ ತಾಗುತ್ತದಾ ಅಂತ ಒಂದು ಕಾಗದ ತೂರಿಸಿ ಪರೀಕ್ಷೆ ಮಾಡಿ. ತಾಗಿದರೆ ಉಳಿದ ಸ್ಕ್ರೂ ಹಾಕಿ. ಎರಡು ಹೋಳು ಸೇರುವ ಕಡೆ 2–3 ಮಿ.ಮೀ. ಸಂದು ಇರಲಿ. ಒತ್ತಾಗಿ ಕೂತಿದ್ದರೆ ಜುಲೈನಲ್ಲಿ ಉಜ್ಜುತ್ತದೆ. ಹಾಗೆ ಉಜ್ಜಿದರೆ ಮಳೆಗಾಲದಲ್ಲಿ ರಂದಾ (ಉಜ್ಜುಗೊರಡು) ಹೊಡೆಸಬೇಡಿ. ಜನವರಿಗೆ ಮರ ಇಳಿದು ಸಂದು ದೊಡ್ಡದಾಗುತ್ತದೆ.

ಒಂದು ಕೊಂಡಿಯನ್ನೂ ಹಾಕಿಸಿ, ಕೊಟ್ಟಿರದಿದ್ದರೆ. ಈ ಕುರ್ಚಿಯನ್ನು ಬೆನ್ನು ಹಿಡಿದು ಎತ್ತಿದರೆ ಹೋಳು ಬಾಯಿ ತೆರೆಯುತ್ತದೆ. ಮಕ್ಕಳ ಬೆರಳು ಸಿಗುವುದು ಆಗಲೇ. ಏಣಿಯಾದಾಗಲೂ ಹಿಡಿದಿಡುವ ಕೊಂಡಿ ಇನ್ನೊಂದು ಬೇಕು.

ಮೆಟ್ಟಿಲಿಗೆ ಜಾರದ ಟೇಪ್ ಅಂಟಿಸಿ. ಮೆಲಮೈನ್ ಪಾಲಿಶ್ ಮೇಲೆ ಕಾಲುಚೀಲ ಹಾಕಿ ನಿಂತು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಕೆಳಗಿನ ಹೋಳಿನಲ್ಲಿ ಹಲಗೆಯ ಮೇಲ್ಭಾಗಕ್ಕೆ, ಮಗುಚುವ ಹೋಳಿನಲ್ಲಿ ಆಗ ಹೇಳಿದಂತೆ ಕುರ್ಚಿಯಾಗಿದ್ದಾಗ ಕೆಳಗೆ ಕಾಣುವ ಭಾಗಕ್ಕೆ. ಗೊಂದಲ ಬೇಡ ಅಂದರೆ ಏಣಿ ಮಾಡಿ ನಿಲ್ಲಿಸಿಕೊಂಡೇ ಅಂಟಿಸಿ.

ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ತೂಕ ಜಾಸ್ತಿ ಇರುವವರನ್ನು ಮೊದಲು ಹತ್ತಿಸಿ. ಗೋಡೆ ಪಕ್ಕ ಇಟ್ಟು, ಒಂದೊಂದೇ ಮೆಟ್ಟಿಲಲ್ಲಿ ನಿಂತು ಸ್ವಲ್ಪ ಕುಲುಕಲಿ. ಕಿರ್ ಅಂದರೆ ಯಾವುದೋ ಬೋಲ್ಟ್ ಸಡಿಲ. ಟಕ್ ಅಂತ ಒಂದೇ ಸಲ ಶಬ್ದ ಬಂದರೆ ಇಳಿದು ಹಲಗೆ, ಕಾಲು ಎಲ್ಲ ಸೀಳು ಬಿಟ್ಟಿದೆಯಾ ನೋಡಿ. ಕಿಟಕಿ, ಗ್ಯಾಲರಿ ಹತ್ತಿರ ಯಾವತ್ತೂ ಇದನ್ನು ಏಣಿ ಮಾಡಬೇಡಿ, ಗ್ರಿಲ್ ಇದ್ದರೂ.

ಅತ್ತೆಯವರ ವಿಷಯ. ಮನೆಯ ಮೆಟ್ಟಿಲು 15ರಿಂದ 18 ಸೆಂ.ಮೀ. ಇರುತ್ತದೆ, ಇದರದ್ದು 22. ಮೊಣಕಾಲು ನೋವಿರುವವರಿಗೆ ಆ ನಾಲ್ಕು ಸೆಂಟಿಮೀಟರ್ ದೊಡ್ಡದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅದೂ ಕೈಯಲ್ಲಿ ಸಾಮಾನು ಹಿಡಿದು. ‘ಹತ್ತಬೇಡಿ’ ಅಂದರೆ ಯಾವ ಅತ್ತೆಯೂ ಕೇಳುವುದಿಲ್ಲ, ನೀವು ಹೋದ ಮೇಲೆ ಹತ್ತಿಯೇ ಹತ್ತುತ್ತಾರೆ. ಅದಕ್ಕೆ ಅವರಿಗೆ ವಾರದಲ್ಲಿ ಬೇಕಾಗುವ ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ, ಪೂಜೆ ಪಾತ್ರೆ ಎಲ್ಲ ಕೆಳಗಿನ ಶೆಲ್ಫಿಗೆ ತನ್ನಿ. ಲಾಫ್ಟಿಗೆ ವರ್ಷಕ್ಕೊಮ್ಮೆ ಇಳಿಸುವಂಥದ್ದನ್ನೇ ಹಾಕಿ. ಕುರ್ಚಿಯ ಮೊದಲೆರಡು ಮೆಟ್ಟಿಲು ಅವರಿಗೂ ಅಡ್ಡಿಯಿಲ್ಲ. ಹತ್ತಿರದ ಗೋಡೆಗೆ ಬಾತ್‌ರೂಮಿಗೆ ಹಾಕುವಂಥ ಸ್ಟೀಲ್ ಹಿಡಿ ಒಂದನ್ನು ಹಾಕಿಸಿ, ಮನೆ ಮಾಲೀಕರನ್ನು ಕೇಳಿಕೊಂಡು.

ಕೂರಲು ಹೇಗಿರುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬೆನ್ನು ನೆಟ್ಟಗೆ, ಸೀಟು ಚಪ್ಪಟೆ. ಊಟಕ್ಕೆ ಕೂರಬಹುದು, ಟಿವಿ ಮುಂದೆ ಎರಡು ಗಂಟೆ ಆಗುವುದಿಲ್ಲ. ಮೆತ್ತೆ ಹಾಕುವುದಾದರೆ ದಾರ ಕಟ್ಟಿ ತೆಗೆಯುವಂಥದ್ದು ಹಾಕಿ, ಮಗುಚುವಾಗ ಸಿಕ್ಕಿಹಾಕಿಕೊಳ್ಳಬಾರದು.

ಗ್ಯಾಲರಿಯಲ್ಲಿ ಇಡಬಹುದಾ ಅಂದರೆ, ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಯಾಲರಿಗೆ ಎರಚಲು ಹೊಡೆಯುತ್ತದೆ, ಮಧ್ಯೆ ಬಿಸಿಲು ಬೀಳುತ್ತದೆ. ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು ಆದರೆ ತೇಗದ ಜೋಡಣೆಯೂ ಸಡಿಲವಾಗುತ್ತದೆ. ಅಡುಗೆಮನೆಯ ಒಳಗೇ ಇಡಿ, ಸಿಂಕಿನಿಂದ ದೂರ. ಮಗುಚಲು ಮುಂದೆ ಎರಡಡಿ ಖಾಲಿ ಜಾಗ ಬೇಕು ಅನ್ನುವುದನ್ನೂ ಅಳೆದು ನೋಡಿಕೊಳ್ಳಿ. ಮೇ ಕೊನೆಗೆ ಒಮ್ಮೆ, ಗಣಪತಿ ಸಾಮಾನು ಇಳಿಸುವ ಮೊದಲು ಒಮ್ಮೆ ಬೋಲ್ಟ್ ಬಿಗಿಸಿ. ಕಾಲಿನ ತುದಿಯಲ್ಲಿ ಪಾಲಿಶ್ ಇರುವುದಿಲ್ಲ, ಮರ ನೀರು ಕುಡಿಯುವುದು ಅಲ್ಲಿಂದಲೇ. ಕುರ್ಚಿ ಮಲಗಿಸಿ ನಾಲ್ಕೂ ಕಾಲಿನ ಅಡಿಗೆ ಎರಡು ಕೈ ಪಾಲಿಶ್ ಹಚ್ಚಿ, ಒಣಗಿದ ಮೇಲೆ ರಬ್ಬರ್ ಅಂಟಿಸಿ.